ಒಂದು ‘ಪ್ಪ’, ಮೂರು ರಾತ್ರಿ

ಶುಕ್ರವಾರ ಸಂಜೆ ಐದಕ್ಕೆ ಇನ್ನು ಹದಿನೈದು ನಿಮಿಷ ಇತ್ತು. ಬೆಂಚ್ ಕ್ಲರ್ಕ್ ನಮ್ಮ ಕಟ್ಟು ತಿರುವಿ ಹಾಕಿ, ಕನ್ನಡಕ ಹಣೆಗೇರಿಸಿ ನನ್ನ ಕಡೆ ನೋಡಿದರು.

“ಏನಮ್ಮ, ಜಾಮೀನು ಒಬ್ರದ್ದಾ, ಇಬ್ರದ್ದಾ?”

ನನಗೆ ತಲೆಬುಡ ಅರ್ಥ ಆಗಲಿಲ್ಲ. ಅವರು ಪಹಣಿಯ ಮೇಲೆ ಒಂದು ಬೆರಳಿಟ್ಟರು, ಆಧಾರ್ ಜೆರಾಕ್ಸ್ ಮೇಲೆ ಇನ್ನೊಂದು. ಪಹಣಿಯಲ್ಲಿ ಜಾಮೀನುದಾರನ ಹೆಸರು ‘ಪ್ಪ’ ಅಂತ ಮುಗಿದಿತ್ತು. ಆಧಾರ್‌ನಲ್ಲಿ ‘ರಾಯ’ ಅಂತ. ಬೆಳಗ್ಗೆಯಿಂದ ಆ ಎರಡು ಹಾಳೆ ನನ್ನ ಕೈಯಲ್ಲೇ ಇದ್ದವು. ಸರ್ವೆ ನಂಬರ್ ನೋಡಿದ್ದೆ, ಎಕರೆ ಗುಂಟೆ ನೋಡಿದ್ದೆ, ಫೋಟೋ ಎಷ್ಟು ಬೇಕು, ಸ್ಟ್ಯಾಂಪ್ ಎಲ್ಲಿ ಅಂಟಿಸಬೇಕು ಎಲ್ಲ ವಿಚಾರಿಸಿದ್ದೆ. ಹೆಸರನ್ನು ಮಾತ್ರ ಓದಿರಲಿಲ್ಲ.

ಅದು ನನ್ನ ಇಂಟರ್ನ್‌ಶಿಪ್ಪಿನ ಎರಡನೇ ವಾರ. ಐದು ವರ್ಷದ ಕೋರ್ಸಿನವರು ಓದು ಮುಗಿಯುವುದರೊಳಗೆ ಕಡಿಮೆ ಅಂದರೂ 20 ವಾರ ಇಂಟರ್ನ್‌ಶಿಪ್ ಮಾಡಬೇಕು ಅಂತ ಬಾರ್ ಕೌನ್ಸಿಲ್ ನಿಯಮ ಇದೆ. ಕ್ಲಾಸಿನ ಹುಡುಗರು ದೊಡ್ಡ ದೊಡ್ಡ ಲಾ ಫರ್ಮುಗಳಿಗೆ ಅರ್ಜಿ ಹಾಕುತ್ತಿದ್ದರು. ನನಗೆ ಸಿಕ್ಕಿದ್ದು ಬೆಂಗಳೂರಿನ ಒಂದು ಹಳೇ ಕಟ್ಟಡದ ಎರಡನೇ ಮಹಡಿ, ಅಲ್ಲಿ ಕ್ರಿಮಿನಲ್ ಕೇಸು ನಡೆಸುವ ಒಬ್ಬ ಮೇಡಂ. ಅವರು ಉಚಿತ ಕಾನೂನು ನೆರವಿನ ಪ್ಯಾನೆಲ್‌ನಲ್ಲೂ ಇದ್ದರು. ಕರಿ ಕೋಟನ್ನು ಸೀನಿಯರ್ ಹುಡುಗಿಯೊಬ್ಬಳಿಂದ 400 ರೂಪಾಯಿಗೆ ಕೊಂಡಿದ್ದೆ. ತೋಳು ಎರಡು ಇಂಚು ಉದ್ದ. ಅದನ್ನು ಹಾಕಿಕೊಂಡು ಮೊದಲ ದಿನ ಹೊರಟಾಗ ಅಪ್ಪನಿಗೆ ಫೋಟೋ ಕಳಿಸಿದ್ದೆ. ಹೊಸದುರ್ಗದಿಂದ ಉತ್ತರ ಬಂತು: “ಚೆನ್ನಾಗೈತೆ. ಎಂಟರೊಳಗೆ ಹಾಸ್ಟೆಲ್ ಸೇರ್ಕೋ.”

ಬೆಂಗಳೂರಿಗೆ ಬಂದ ಮೇಲೆ “ನಿಂಗೆ ಸ್ವತಂತ್ರ ಜಾಸ್ತಿ ಆಯ್ತು” ಅನ್ನುವುದು ಅಪ್ಪನ ಮಾಮೂಲಿ ದೂರು. ಎಂಟಕ್ಕೆ ಗೇಟು ಹಾಕುತ್ತಾರಲ್ಲ, ಇದೆಂಥ ಸ್ವತಂತ್ರ ಅನ್ನುವುದು ನನ್ನ ದೂರು. ಆ ಶುಕ್ರವಾರದವರೆಗೆ ಸ್ವಾತಂತ್ರ್ಯದ ವಿಷಯದಲ್ಲಿ ನನ್ನದೇ ಆದ ಅನುಭವ ಅಂದರೆ ಇಷ್ಟೇ. ಉಳಿದದ್ದೆಲ್ಲ ಪರೀಕ್ಷೆಗೆ ಓದಿದ್ದು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ ಬಾಯಿಪಾಠ ಬರುತ್ತಿತ್ತು, 16 ಅಂಕದ ಉತ್ತರಕ್ಕೆ ಎಷ್ಟು ಪುಟ ಬರೆಯಬೇಕು ಅಂತಲೂ ಗೊತ್ತಿತ್ತು.

ಕೇಸು ಏನೂ ದೊಡ್ಡದಲ್ಲ. ಯಾದಗಿರಿ ಕಡೆಯ ಇಪ್ಪತ್ತೆರಡರ ಹುಡುಗ. ಕಟ್ಟಡ ಕೆಲಸಕ್ಕೆ ಬಂದವನು. ಸೈಟಿನಲ್ಲಿ ತಾಮ್ರದ ವೈರು ಕದ್ದ ಅಂತ ಕೇಸು. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ, ಹೆಚ್ಚೆಂದರೆ ಮೂರು ವರ್ಷ ಶಿಕ್ಷೆ. ಎರಡು ತಿಂಗಳಿಂದ ಪರಪ್ಪನ ಅಗ್ರಹಾರದಲ್ಲಿದ್ದ. “ನಿಜವಾಗ್ಲೂ ಕದ್ದಿದಾನಾ ಮೇಡಂ?” ಅಂತ ಮೊದಲ ದಿನವೇ ಕೇಳಿ ಬೈಸಿಕೊಂಡಿದ್ದೆ. “ಅದನ್ನ ಹೇಳೋಕೆ ಇನ್ನೂ ಟೈಮಿದೆ. ಈಗ ಜಾಮೀನುದಾರ ಎಲ್ಲಿ, ಅದನ್ನ ಹೇಳು.”

ಅದೇ ತಕರಾರು. ಜಾಮೀನು ಸಿಕ್ಕಿ ಆಗಲೇ ಹನ್ನೊಂದು ದಿನ ಆಗಿತ್ತು. 50,000 ರೂಪಾಯಿಗೆ ಒಂದು ಶ್ಯೂರಿಟಿ, ಅಂದರೆ ಅಷ್ಟಕ್ಕೆ ಹೊಣೆ ನಿಲ್ಲುವ ಒಬ್ಬ ಜಾಮೀನುದಾರ ಬೇಕು. ಬೆಂಗಳೂರಿನಲ್ಲಿ ಅವನಿಗೆ ಗೊತ್ತಿದ್ದವರೆಂದರೆ ಜೊತೆಯಲ್ಲಿ ಶೆಡ್ಡಿನಲ್ಲಿದ್ದ ನಾಲ್ಕು ಹುಡುಗರು. ಅವರ ಹೆಸರಿಗೆ ಒಂದು ಸೈಕಲ್ಲೂ ಇರಲಿಲ್ಲ. ಕೊನೆಗೆ ಊರಿಂದ ತಾಯಿಯ ತಮ್ಮ ಪಹಣಿ ಹಿಡಿದುಕೊಂಡು ರಾತ್ರಿ ಬಸ್ಸು ಹತ್ತಿ ಬಂದಿದ್ದ. ಎರಡು ಎಕರೆ ಹತ್ತು ಗುಂಟೆ, ಹತ್ತಿ ಮತ್ತು ತೊಗರಿ. ಆ ಪಹಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಕವರನ್ನು ಟವೆಲ್ಲಿನಲ್ಲಿ ಸುತ್ತಿ, ಟವೆಲ್ಲನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದ.

ಮೇಡಂ ಒಳಗೆ ಹೋಗಿ ನ್ಯಾಯಾಧೀಶರ ಹತ್ತಿರ ವಿನಂತಿಸಿಕೊಂಡರು. ಎರಡೂ ಹೆಸರು ಒಬ್ಬನದೇ ಅಂತ ಅಫಿಡವಿಟ್ ಹಾಕಿ, ಫೋಟೋ ಇರುವ ಇನ್ನೊಂದು ದಾಖಲೆ ತನ್ನಿ ಅಂದರಂತೆ. ತಪ್ಪು ಅನ್ನೋಕಾಗಲ್ಲ. ಕೋರ್ಟಿನ ಆವರಣದಲ್ಲಿ ಬಾಡಿಗೆ ಜಾಮೀನುದಾರರು, ನಕಲಿ ಪಹಣಿ, ಇನ್ಯಾರದೋ ಆಧಾರ್‌ಗೆ ತನ್ನ ಫೋಟೋ ಅಂಟಿಸಿಕೊಂಡು ಬಂದವರು, ಇವರ ಕಥೆಗಳನ್ನು ಎರಡೇ ವಾರದಲ್ಲಿ ಬೇಕಾದಷ್ಟು ಕೇಳಿದ್ದೆ. ಕಾಗದ ಸರಿಯಾಗಿ ನೋಡುವುದು ಅವರ ಕೆಲಸ. ಅವರಿಗಿಂತ ಮುಂಚೆ ನೋಡಬೇಕಾದದ್ದು ನನ್ನ ಕೆಲಸ. ಬೆಳಗ್ಗೆ ಹನ್ನೊಂದಕ್ಕೇ ನೋಡಿದ್ದರೆ ಸಂಜೆಯೊಳಗೆ ಏನಾದರೂ ದಾರಿ ಆಗುತ್ತಿತ್ತು.

ಮಾರನೇ ದಿನ ಎರಡನೇ ಶನಿವಾರ. ಅದರ ಮಾರನೇ ದಿನ ಭಾನುವಾರ.

ಹೊರಗೆ ಬಂದು ಆ ಮಾಮನಿಗೆ ಹೇಳಿದೆ. ಅಳು ಬರುವ ಹಾಗಿತ್ತು. ಅವನು ನನ್ನನ್ನೇ ಸಮಾಧಾನ ಮಾಡಿದ. “ಹೆಸ್ರು ಎರಡು ಅದಾವ, ಮನಷಾ ಒಬ್ಬನೇ ಅದೀನಿ ನೋಡ್ ಯವ್ವಾ. ಸೋಮಾರಾ ಹೇಳಿದ್ರಾತು.” ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಹುಡಗಗ ಯಾರ್ ಹೇಳ್ತಾರ್ರಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ರಾತ್ರಿ ಎಂಟಕ್ಕೆ ಹಾಸ್ಟೆಲ್ ಗೇಟು ಹಾಕಿದ ಸದ್ದು ಕೇಳಿಸಿತು. ಬೇರೆ ದಿನ ಕೇಳಿಸುತ್ತಲೇ ಇರಲಿಲ್ಲ. ನಮ್ಮ ಗೇಟು ಬೆಳಗ್ಗೆ ಆರಕ್ಕೆ ತೆರೆಯುತ್ತದೆ ಅಂತ ನನಗೆ ಗೊತ್ತು. ಅವನಿಗೆ ಏನು ಗೊತ್ತು? ಜಾಮೀನು ಸಿಕ್ಕಿದೆ ಅನ್ನುವುದು ಗೊತ್ತು. ಇವತ್ತು ಮಾಮ ಬರುತ್ತಾನೆ ಅನ್ನುವುದೂ ಗೊತ್ತು. ಸಂಜೆ ಬಿಡುಗಡೆಯವರ ಹೆಸರು ಕರೆಯುವಾಗ ಕಿವಿಗೊಟ್ಟು ಕೂತಿರುತ್ತಾನೆ. ಕರೆಯಲಿಲ್ಲ. ಯಾಕೆ ಕರೆಯಲಿಲ್ಲ ಅಂದರೆ, ಒಂದು ‘ಪ್ಪ’. ಇದನ್ನು ಅವನಿಗೆ ಹೇಳುವವರಿಲ್ಲ.

ನಿದ್ದೆ ಬರದೆ ನನ್ನದೇ ಕಾಗದಗಳನ್ನು ತೆಗೆದು ನೋಡಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಪ್ಪನ ಹೆಸರು ಪೂರ್ತಿ. ಆ ಲೆಕ್ಕದಲ್ಲಿ ನಾನು ಮೂರು ಜನ.

ಆಮೇಲೆ ನೋಟ್ಸ್ ತೆಗೆದೆ. ಮೋತಿರಾಮ್ ಕೇಸು, 1978. ಹಿಂದಿನ ಸೆಮಿಸ್ಟರ್‌ನಲ್ಲಿ ಅದರ ಮೇಲೆ ಉತ್ತರ ಬರೆದು ಒಳ್ಳೇ ಅಂಕ ತಗೊಂಡಿದ್ದೆ. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನು. 10,000 ರೂಪಾಯಿ ಶ್ಯೂರಿಟಿ ಕೇಳಿದರು. ಅಣ್ಣತಮ್ಮನ ಜಾಮೀನು ಕೊಡುತ್ತೇನೆ ಅಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಜಾಮೀನುದಾರ ಬೇಡ, 1,000 ರೂಪಾಯಿಗೆ ಅವನೇ ಬರೆದುಕೊಡುವ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿ ಅಂದರು. ಒಬ್ಬ ಮಲಯಾಳಿಯೋ ಕನ್ನಡಿಗನೋ ಚಾಂದನಿ ಚೌಕದಲ್ಲಿ ಸಿಕ್ಕಿಬಿದ್ದರೆ ಅಲ್ಲಿ ಜಾಮೀನುದಾರನನ್ನು ಎಲ್ಲಿಂದ ತರಬೇಕು ಅಂತ ಕೇಳಿದರು. ಪರೀಕ್ಷೆಗೆ ಓದುವಾಗ ‘ಕನ್ನಡಿಗ’ ಅನ್ನೋ ಪದ ನೋಡಿ ಖುಷಿಪಟ್ಟು ಅಡಿಗೆರೆ ಹಾಕಿದ್ದೆ, ಅಷ್ಟೇ. ಗಾರೆ ಕೆಲಸದವನು ಅನ್ನುವುದಕ್ಕೆ ಗೆರೆ ಹಾಕಿರಲಿಲ್ಲ.

ಅದರ ಕೆಳಗೇ 2023ರ ಜನವರಿಯ ಸುಪ್ರೀಂ ಕೋರ್ಟ್ ನಿರ್ದೇಶನಗಳು. ಜಾಮೀನು ಸಿಕ್ಕ ಏಳು ದಿನದೊಳಗೆ ಕೈದಿ ಹೊರಗೆ ಬರದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳೊಳಗೆ ಶ್ಯೂರಿಟಿ ಕೊಡೋಕಾಗದಿದ್ದರೆ ಷರತ್ತು ಸಡಿಲ ಮಾಡಬಹುದಾ ಅಂತ ಕೋರ್ಟೇ ಯೋಚಿಸಬಹುದು. ಇಷ್ಟು ಚೆನ್ನಾಗಿ ನಾನೇ ಕೈಯಾರೆ ಬರೆದಿಟ್ಟಿದ್ದೆ. ಹನ್ನೊಂದು ದಿನ ಅಂತ ಮೇಡಂ ಹೇಳಿದಾಗ ಇದು ನೆನಪಿಗೇ ಬರಲಿಲ್ಲ.

ಭಾನುವಾರ ಬೆಳಗ್ಗೆ ಮೆಜೆಸ್ಟಿಕ್‌ಗೆ ಹೋದೆ. ಮಾಮನ ಮಗ ವೋಟರ್ ಕಾರ್ಡನ್ನು ಯಾದಗಿರಿಯಲ್ಲಿ ಬಸ್ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದ್ದ. ಅದರಲ್ಲಿ ‘ಪ್ಪ’ ಇತ್ತು, ಮುಖವೂ ಇತ್ತು. ಪುಣ್ಯಕ್ಕೆ ಮಾಮನ ಅಪ್ಪನ ಹೆಸರು ಎಲ್ಲ ಕಡೆ ಒಂದೇ. ಮಾಮ ಶುಕ್ರವಾರ ರಾತ್ರಿ ರೈಲ್ವೆ ಸ್ಟೇಷನ್ನಿನಲ್ಲಿ ಮಲಗಿದ್ದನಂತೆ. ವಿಷಯ ಗೊತ್ತಾಗಿ ಮೇಡಂ ಶನಿವಾರ ಆಫೀಸಿನ ಕೀಲಿ ಕೊಟ್ಟಿದ್ದರು. ಚಿತ್ರಾನ್ನ ತಿಂದೆವು. ಇನ್ನೂ ಹತ್ತು ಗಂಟೆ. ಇಡೀ ದಿನ ಏನು ಮಾಡುವುದು? ನಡೆದುಕೊಂಡು ಫ್ರೀಡಂ ಪಾರ್ಕಿಗೆ ಹೋದೆವು.

ಬೆಂಗಳೂರಿನವರಿಗೆ ಹೇಳಬೇಕಿಲ್ಲ, ಅದು ಬ್ರಿಟಿಷರ ಕಾಲದ ಹಳೇ ಸೆಂಟ್ರಲ್ ಜೈಲು. ಜೈಲನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ 2008ರಲ್ಲಿ ಪಾರ್ಕ್ ಮಾಡಿದರು. ನಡುವೆ ಕಾವಲು ಗೋಪುರ ಹಾಗೇ ಇದೆ. ಸುತ್ತ ಬ್ಯಾರಕ್ಕುಗಳು. ಗೋಪುರದ ನೆರಳಿನಲ್ಲಿ ಒಂದು ಜೋಡಿ ಸೆಲ್ಫಿ ತೆಗೆದುಕೊಳ್ಳುತ್ತಿತ್ತು. ಧರಣಿ ಕೂರುವ ಜಾಗ ಖಾಲಿ ಇತ್ತು. ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡಬೇಕಾದರೆ ಇಲ್ಲೇ ಬರಬೇಕು ಅಂತ 2021ರಿಂದ ಪೊಲೀಸ್ ಆದೇಶ ಇದೆ. ಸ್ವಾತಂತ್ರ್ಯ ಬೇಕು ಅಂತ ಕೂಗೋಕೆ ಜೈಲಿನ ಕಾಂಪೌಂಡೇ ಆಗಬೇಕಾ? ಈ ಜೋಕು ಯಾರು ಮಾಡಿದರೋ.

“ಇದು ಮೊದಲು ಜೈಲಾಗಿತ್ತು” ಅಂದೆ.

ಮಾಮ ಗೋಪುರವನ್ನೇ ನೋಡುತ್ತಿದ್ದ. “ಎಲ್ಲಾರ್ನೂ ಬಿಟ್ರೇನ್ರಿ?”

“ಇಲ್ಲ, ಬೇರೆ ಕಡೆ ಕರ್ಕೊಂಡು ಹೋದ್ರು. ನಿಮ್ಮ ಹುಡುಗ ಇದಾನಲ್ಲ, ಅಲ್ಲಿಗೆ.”

ಸುಮ್ಮನಿರಲಾರದೆ ತುರ್ತು ಪರಿಸ್ಥಿತಿಯ ಕಥೆ ಹೇಳಿದೆ. 1975ರಲ್ಲಿ ವಾಜಪೇಯಿ, ಅಡ್ವಾಣಿ ಬೆಂಗಳೂರಿಗೆ ಬಂದಿದ್ದಾಗಲೇ ಹಿಡಿದು ಈ ಜೈಲಿನಲ್ಲಿ ಇಟ್ಟಿದ್ದು. ನಟಿ ಸ್ನೇಹಲತಾ ರೆಡ್ಡಿಯನ್ನು ಇಟ್ಟಿದ್ದೂ ಇಲ್ಲೇ. ಅಸ್ತಮಾ ಇದ್ದ ಹೆಂಗಸು, 1977ರ ಜನವರಿಯಲ್ಲಿ ಹೊರಗೆ ಬಿಟ್ಟ ಕೆಲವೇ ದಿನಕ್ಕೆ ತೀರಿಕೊಂಡರು. ಅವನು ಎಲ್ಲ ಕೇಳಿ, ನಾನು ಯಾವ ಕ್ಲಾಸಿನಲ್ಲೂ ಕೇಳದ ಪ್ರಶ್ನೆ ಕೇಳಿದ.

“ಅವ್ರಿಗಿ ಜಾಮೀನು ಯಾರ್ ಹಾಕಿದ್ರಿ?”

ಜಾಮೀನಿನ ಮಾತೇ ಇರಲಿಲ್ಲ ಅಂದೆ. ಕೋರ್ಟಿಗೆ ಹೋದರೆ, ಇಂಥ ಹೊತ್ತಿನಲ್ಲಿ ನೀವು ಬಂಧನವನ್ನು ಪ್ರಶ್ನಿಸುವ ಹಾಗೇ ಇಲ್ಲ ಅಂತ 1976ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಹೇಳಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟ್ ಬಾಯಿಬಿಟ್ಟು ತಳ್ಳಿಹಾಕಿದ್ದು 2017ರಲ್ಲಿ. ಆ 2017ರ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೇಳುತ್ತಾ ಹೇಳುತ್ತಾ ನನಗೆ ಹುರುಪು ಬಂದುಬಿಟ್ಟಿತ್ತು. ಮಾಮ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದ.

“ನಲವತ್ತೊಂದು ವರ್ಷ” ಅಂದ. “ನಮ್ದು ಮೂರು ದಿನಾ ಬಿಡ್ರಿ.”

ವ್ಯಂಗ್ಯ ಇರಲಿಲ್ಲ ಅವನ ದನಿಯಲ್ಲಿ. ನಿಜವಾಗಿಯೂ ಸಮಾಧಾನ ಪಟ್ಟುಕೊಂಡಿದ್ದ. ನಾನು ಮಾತು ನಿಲ್ಲಿಸಿದೆ. ಅವನ ಮೂರು ದಿನಕ್ಕೆ ಇಂದಿರಾ ಗಾಂಧಿ ಕಾರಣ ಅಲ್ಲ, ಯಾವ ಪೀಠವೂ ಕಾರಣ ಅಲ್ಲ. ಪಕ್ಕದಲ್ಲಿ ಕೂತು ಉಪನ್ಯಾಸ ಕೊಡುತ್ತಿದ್ದವಳು ಕಾರಣ.

ಸೋಮವಾರ ಎಲ್ಲ ಬೇಗ ಬೇಗ ನಡೆಯಿತು. ನೋಟರಿ, ಅಫಿಡವಿಟ್, ಅರ್ಜಿ. ಹೆಸರನ್ನು ಅಕ್ಷರ ಅಕ್ಷರವಾಗಿ ನಾಲ್ಕು ಸಲ ಓದಿದೆ. ಮಧ್ಯಾಹ್ನ ಮಾಮನನ್ನು ಕರೆದರು. ಅವನು ಚಪ್ಪಲಿ ಬಾಗಿಲಲ್ಲೇ ಬಿಟ್ಟು ಹೋದ. ಯಾರೂ ಬಿಡು ಅಂದಿರಲಿಲ್ಲ.

“ಆರೋಪಿ ಏನಾಗಬೇಕು?”

“ಅಕ್ಕನ ಮಗಾರಿ.”

“ಜಮೀನು ಎಷ್ಟಿದೆ?”

“ಎರಡೆಕ್ರೆ ಹತ್ತು ಗುಂಟಿ ಅದರಿ.”

“ಅವನು ವಾಯಿದೆಗೆ ಬರದೇ ಹೋದರೆ ನೀವು 50,000 ಕಟ್ಟಬೇಕಾಗುತ್ತೆ. ಗೊತ್ತಾ?”

ಮಾಮ ತಕ್ಷಣ ಉತ್ತರ ಕೊಡಲಿಲ್ಲ. ಎರಡು ಸೆಕೆಂಡು ಇರಬಹುದು. ಆ ಎರಡು ಸೆಕೆಂಡಿನಲ್ಲಿ ಅವನು ಏನೇನು ಎಣಿಸಿದನೋ.

“ಗೊತ್ತದರಿ.”

ಸಂಜೆ ಅವನ ಜೊತೆ ಪರಪ್ಪನ ಅಗ್ರಹಾರಕ್ಕೆ ಹೋದೆ. ನೀನು ಹೋಗಬೇಕಾಗಿಲ್ಲ ಅಂತ ಮೇಡಂ ಹೇಳಿದ್ದರು. ಹಾಸ್ಟೆಲ್ ವಾರ್ಡನ್‌ಗೆ ಫೋನ್ ಮಾಡಿ ತಡ ಆಗುತ್ತೆ ಅಂದೆ. “ನಿಮ್ಮ ತಂದೆ ಕೈಲಿ ಹೇಳಿಸು” ಅಂದರು. ಅಪ್ಪನಿಗೆ ಫೋನ್ ಮಾಡಿದೆ. ಜೈಲಿನ ಹತ್ತಿರ ಇದೀನಿ ಅಂದ ತಕ್ಷಣ ಅಪ್ಪ ಒಂದು ಕ್ಷಣ ಉಸಿರೇ ಎತ್ತಲಿಲ್ಲ. ಪೂರ್ತಿ ಕಥೆ ಹೇಳಿದ ಮೇಲೆ, “ಆ ವಾರ್ಡನ್ ನಂಬರ್ ಕಳ್ಸು, ಮಾತಾಡ್ತೀನಿ” ಅಂತ ಇಟ್ಟರು.

ಏಳು ದಾಟಿದ ಮೇಲೆ ಹುಡುಗ ಬಂದ. ನಾನು ಅಂದುಕೊಂಡಿದ್ದಕ್ಕಿಂತ ಸಣ್ಣಗಿದ್ದ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಮಾಮನನ್ನು ನೋಡಿ ಅಳಲೂ ಇಲ್ಲ, ನಗಲೂ ಇಲ್ಲ. “ಶುಕ್ರಾರನ ಬರ್ತೀನಂದಿದ್ದಿ” ಅಂದ. ಮಾಮ ನನ್ನ ಕಡೆ ನೋಡಲಿಲ್ಲ. “ಬಸ್ಸು ಕೆಟ್ಟಿತ್ತೋ” ಅಂದ.

ಬಸ್ಸಿನಲ್ಲಿ ನನಗೆ ಶೂನ್ಯ ಟಿಕೆಟ್, ಮಾಮ ತನಗೂ ಹುಡುಗನಿಗೂ ದುಡ್ಡು ಕೊಟ್ಟು ತಗೊಂಡ. ಹುಡುಗ ಕಿಟಕಿ ಪಕ್ಕ ಕೂತ. ಮಾಮ ಅವನ ಮಣಿಕಟ್ಟು ಹಿಡಿದಿದ್ದ. ಪ್ರೀತಿಗೆ ಹಿಡಿದಿದ್ದಾನೆ ಅಂತ ಮೊದಲು ಅಂದುಕೊಂಡೆ. ಸಿಲ್ಕ್ ಬೋರ್ಡಿನಲ್ಲಿ ಬಸ್ಸು ಅರ್ಧ ಗಂಟೆ ನಿಂತಲ್ಲೇ ನಿಂತಾಗಲೂ ಬಿಡಲಿಲ್ಲ. ಜನ ಇಳಿಯುವಾಗ ಬಾಗಿಲ ಕಡೆ ನೋಡಿ ಇನ್ನೂ ಸ್ವಲ್ಪ ಬಿಗಿ ಮಾಡಿದ. ಎರಡು ಎಕರೆ ಹತ್ತು ಗುಂಟೆ ಅದೇ ಕೈಯಲ್ಲಿತ್ತು ಅಲ್ವಾ.

“ಮುಂದಿನ ವಾಯಿದೆ ಯಾವಾಗ್ರಿ?” ಹುಡುಗ ಕೇಳಿದ. ತಾರೀಕು ಹೇಳಿದೆ. ಒಂದು ಚೀಟಿಯಲ್ಲಿ ಬರೆದೂ ಕೊಟ್ಟೆ. ಮಾಮ ಆ ಚೀಟಿ ಇಸಿದುಕೊಂಡು ಪಹಣಿಯ ಕವರಿನಲ್ಲಿಟ್ಟ. ಕವರು ಟವೆಲ್ಲಿಗೆ, ಟವೆಲ್ಲು ಅಂಗಿಯೊಳಗೆ. ಇಷ್ಟನ್ನೂ ಒಂದೇ ಕೈಯಲ್ಲಿ ಮಾಡಿದ.

ನಾನು ಇಳಿಯುವ ಸ್ಟಾಪು ಹತ್ತಿರ ಬಂದಾಗ ಕೇಳಿದ: “ಯವ್ವಾ, ಈಗ ನಾ ಯಾವ್ದು ತಿದ್ದಸ್ಲಿ? ಪಹಣಿನೋ, ಆಧಾರೋ?”

“ಆಧಾರ್ ಸುಲಭ. ಪಹಣಿ ಆದ್ರೆ ತಾಲ್ಲೂಕು ಆಫೀಸಿಗೆ ಓಡಾಡಬೇಕು.”

ಸ್ವಲ್ಪ ಹೊತ್ತು ಯೋಚಿಸಿದ.

“ಪಹಣ್ಯಾಗಿನ್ದು ನಮ್ಮಪ್ಪ ಬರ್ಸಿದ್ದು” ಅಂದ. “ಅದಿರ್ಲಿ.”