ರಾರ್ಕ್ ಗೆರೆ ಬಟ್ಟೆಗೆ ಇಳಿಯುವ ಬಗೆ

ಉತ್ತರ ಆಸ್ಟ್ರೇಲಿಯಾದ ಆರ್ನಮ್ ಲ್ಯಾಂಡಿನ ಮಾನಿಂಗ್ರಿಡಾ ಎಂಬ ಊರಿನಲ್ಲಿ ಬಾಬ್ಬರಾ ಮಹಿಳಾ ಕೇಂದ್ರ 1983ರಲ್ಲಿ ಹೆಂಗಸರ ಆಶ್ರಯತಾಣವಾಗಿ ಶುರುವಾಯಿತು. ಈಗ ಅದು ಹೆಸರಾಗಿರುವುದು ಅಲ್ಲಿನ ಅಬೊರಿಜಿನಲ್ (ಮೂಲನಿವಾಸಿ) ಹೆಂಗಸರು ಕೈಯಲ್ಲಿ ಅಚ್ಚೊತ್ತುವ ಬಟ್ಟೆಗೆ. ಡೆಬೋರಾ ವುರ್ಕಿಜ್, ಜೆನಿಫರ್ ವುರ್ಕಿಜ್ ಅವರಂಥ ಕಲಾವಿದೆಯರು ಮರದ ತೊಗಟೆಯ ಮೇಲೂ ಚಿತ್ರ ಬರೆಯುವವರು. ಒಂದನ್ನೊಂದು ಹಾಯುವ ರಾರ್ಕ್ ಎಂಬ ಸಣ್ಣ ಗೆರೆಗಳ ಜಾಲ ಆ ಚಿತ್ರಗಳ ಜೀವ. ಅದೇ ಗೆರೆ ಬಟ್ಟೆಯಲ್ಲೂ ಮಸುಕಾಗದೆ ನಿಲ್ಲಬೇಕು; ಕಷ್ಟವೆಲ್ಲ ಅಲ್ಲಿದೆ.

ಯಾರು ಯಾವ ಚಿತ್ರ ಬರೆಯಬಹುದು ಎಂಬುದು ಕುಲ ಮತ್ತು ನೆಲಕ್ಕೆ ಸೇರಿದ ಮಾತು. ಗನಲ್ಬಿಂಗು ಕುಲದ ಕಲಾವಿದ ಜಾನ್ ಬುಲುನ್ ಬುಲುನ್ ಅವರ ಚಿತ್ರವನ್ನು ಕೇಳದೆ ಬಟ್ಟೆಗೆ ಹಾಕಿದ ಪ್ರಕರಣದಲ್ಲಿ, ಕಲಾವಿದನಿಗೆ ತನ್ನ ಕುಲದ ಕಡೆಗೂ ಹೊಣೆಯಿದೆಯೆಂದು ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ 1998ರಲ್ಲಿ ಹೇಳಿತು. ಚಂದ ಕಂಡಿತೆಂದು ನಕಲು ಮಾಡುವವರು ಇದನ್ನು ತಿಳಿದಿರಲೇಬೇಕು.

ಲೈನೋ (ಕೆತ್ತಲು ಬರುವ ಮೆತ್ತನೆಯ ಲಿನೋಲಿಯಂ ಹಾಳೆ) ಅಚ್ಚಿನಲ್ಲಿ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೆತ್ತಬೇಕು. ಲೈನೋ ಸ್ವಲ್ಪ ಬೆಚ್ಚಗಿದ್ದರೆ ಉಳಿ ಸಲೀಸಾಗಿ ಓಡುತ್ತದೆ, ತಣ್ಣಗಿದ್ದರೆ ಅಂಚು ಚಕ್ಕೆ ಏಳುತ್ತದೆ. ಬಣ್ಣವನ್ನು ರೋಲರಿನಿಂದ ತೆಳ್ಳಗೆ ಹಚ್ಚಬೇಕು. ಹೆಚ್ಚಾದರೆ ಕೆತ್ತಿದ ಗೆರೆಯೇ ತುಂಬಿಹೋಗುತ್ತದೆ.

ಗಜಗಟ್ಟಲೆ ಬಟ್ಟೆಗೆ ಸ್ಕ್ರೀನ್, ಅಂದರೆ ಚೌಕಟ್ಟಿಗೆ ಬಿಗಿದ ನವಿರು ಬಲೆ ಬೇಕು. ಬಣ್ಣಕ್ಕೊಂದು ಫಿಲ್ಮ್ (ಚಿತ್ರವಿರುವ ಪಾರದರ್ಶಕ ಹಾಳೆ), ಫಿಲ್ಮಿಗೊಂದು ಸ್ಕ್ರೀನ್. ಬಟ್ಟೆಯ ಕೆಲಸಕ್ಕೆ ಸಾಮಾನ್ಯವಾಗಿ ಒಗ್ಗುವುದು 43T ಮೆಶ್, ಅಂದರೆ ಸೆಂಟಿಮೀಟರಿಗೆ 43 ಎಳೆಯ ಬಲೆ. ಇದಕ್ಕಿಂತ ನವಿರಾದ ಮೆಶ್‌ನಲ್ಲಿ ಸಣ್ಣ ಗೆರೆ ಚೆನ್ನಾಗಿ ಬರುತ್ತದೆ, ಆದರೆ ಬಣ್ಣ ಬೇಗ ಕಟ್ಟಿಕೊಳ್ಳುತ್ತದೆ. ಎಮಲ್ಷನ್ (ಬೆಳಕಿಗೆ ಗಟ್ಟಿಯಾಗುವ ಲೇಪ) ಬಳಿದ ಸ್ಕ್ರೀನನ್ನು ಕತ್ತಲಲ್ಲಿ ಪೂರ್ತಿ ಒಣಗಿಸಬೇಕು. ಆಮೇಲೆ ಫಿಲ್ಮ್ ಇಟ್ಟು ಬೆಳಕು ಬಿಟ್ಟು ತೊಳೆದರೆ ಗೆರೆಯ ಜಾಗ ಮಾತ್ರ ತೆರೆದುಕೊಳ್ಳುತ್ತದೆ. ಸುಮಾರಾಗಿ ನವೆಂಬರಿನಿಂದ ಏಪ್ರಿಲ್‌ವರೆಗಿನ ಅಲ್ಲಿನ ಮಳೆಗಾಲದಲ್ಲಿ ಇದೇ ದೊಡ್ಡ ತೊಡಕು: ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ, ಬೆಳಕಿಗೆ ಗಟ್ಟಿಯಾಗುವುದಿಲ್ಲ, ತೊಳೆಯುವಾಗ ಗೆರೆಗಳ ನಡುವಿನ ಸಣ್ಣ ಪಟ್ಟಿಗಳು ಕಿತ್ತು ಬರುತ್ತವೆ. ಬೆಳಕು ಹೆಚ್ಚಾದರೆ ತದ್ವಿರುದ್ಧ: ಗೆರೆಗಳೇ ಮುಚ್ಚಿಕೊಳ್ಳುತ್ತವೆ. ಮೊದಲೇ ಒಂದು ಪಟ್ಟಿಯಲ್ಲಿ ಹಲವು ಅವಧಿ ಪರೀಕ್ಷಿಸುವುದೇ ದಾರಿ.

ಬಟ್ಟೆಯನ್ನು ಒಗೆದು ಗಂಜಿ ತೆಗೆದು, ಮೇಜಿಗೆ ಬಿಗಿಯಾಗಿ ಅಂಟಿಸಬೇಕು. ಮೇಜಿನ ಆಚೆ ಒಬ್ಬರು, ಈಚೆ ಒಬ್ಬರು ನಿಂತು ಸ್ಕ್ವೀಜಿಯನ್ನು (ಬಣ್ಣವನ್ನು ಸ್ಕ್ರೀನಿನ ಮೂಲಕ ಒತ್ತುವ ರಬ್ಬರ್ ಪಟ್ಟಿ) ಅರ್ಧದಲ್ಲಿ ಕೈ ಬದಲಿಸಿ ಎಳೆಯುತ್ತಾರೆ. ಇಬ್ಬರ ಒತ್ತಡ, ಸ್ಕ್ವೀಜಿಯ ಓರೆ ಒಂದೇ ಇರಬೇಕು, ಇಲ್ಲದಿದ್ದರೆ ಬಟ್ಟೆಯ ನಡುವೆ ಪಟ್ಟೆ ಬೀಳುತ್ತದೆ. ಸ್ಕ್ರೀನ್ ಇಡುವುದು ಮೊದಲು 1, 3, 5ನೇ ಜಾಗದಲ್ಲಿ, ಅವು ಒಣಗಿದ ಮೇಲೆ 2, 4ರಲ್ಲಿ. ಸಾಲಾಗಿ ಒತ್ತುತ್ತ ಹೋದರೆ ಹಸಿ ಬಣ್ಣದ ಮೇಲೆ ಸ್ಕ್ರೀನ್ ಕೂತು ಕಲೆ ಆಗುತ್ತದೆ. ಸ್ಕ್ರೀನ್ ಕೂರುವ ಜಾಗ ಗುರುತಿಸುವ, ಮೇಜಿನ ಅಂಚಿನ ಹಳಿಯ ತಡೆಗಳು 2 ಮಿಲಿಮೀಟರ್ ತಪ್ಪಿದರೂ ರಾರ್ಕ್ ತುಂಡಾದದ್ದು ಪ್ರತಿ ಜೋಡಣೆಯಲ್ಲೂ ಎದ್ದು ಕಾಣುತ್ತದೆ. ಒಣ ಹವೆಯಲ್ಲಿ ಕೆಲಸ ನಿಲ್ಲಿಸಬಾರದು, ಬಣ್ಣ ಮೆಶ್‌ನಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ. ನಿಲ್ಲಿಸಲೇಬೇಕಾದರೆ ಮೆಶ್ ಮೇಲೆ ಬಣ್ಣದ ತೆಳು ಪದರ ಹರಡಿ ಬಿಡಬೇಕು.

ಕೊನೆಗೆ ಶಾಖ. ಬಣ್ಣ ಪೂರ್ತಿ ಒಣಗಿದ ಮೇಲೆ, ತಯಾರಕರು ಹೇಳಿದಷ್ಟು (ನೀರು ಆಧಾರಿತ ಪಿಗ್ಮೆಂಟ್ ಬಣ್ಣಕ್ಕೆ ಹೆಚ್ಚಾಗಿ 150 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಕೆಲವು ನಿಮಿಷ) ಕಾಯಿಸಬೇಕು. ಇದು ಸಾಲದಿದ್ದರೆ ಮೊದಲ ಒಗೆತದಲ್ಲೇ ಬಣ್ಣ ಬಿಡುತ್ತದೆ.