ಕೊಟ್ಟಿಗೆಯಲ್ಲಿಟ್ಟ ಪದಕಗಳು

ಮಗಳ ಬಾಣಂತನಕ್ಕೆಂದು ಅಮೆರಿಕದ ಮೇನ್ ರಾಜ್ಯಕ್ಕೆ ಹೋಗಿದ್ದೆ. ಮಗು ಮಲಗಿದ ಹೊತ್ತಲ್ಲಿ ಆ ಸೀಮೆಯ ಇತಿಹಾಸ ಓದುತ್ತಾ ಕೂತವಳಿಗೆ ಸಿಕ್ಕಿದ್ದು 27ನೇ ಮೇನ್ ಕಾಲಾಳು ರೆಜಿಮೆಂಟಿನ ಕಥೆ.

ಅಂತರ್ಯುದ್ಧದ ನಡುವೆ, 1862ರ ಸೆಪ್ಟೆಂಬರಿನಲ್ಲಿ, ಬರೀ ಒಂಬತ್ತು ತಿಂಗಳ ಮಟ್ಟಿಗೆ ಸೇರಿದವರು. (ಒಂಬತ್ತು ತಿಂಗಳು ಅಂತ ಓದಿ ನಗು ಬಂತು, ನಮ್ಮನೆಯಲ್ಲೂ ಅದೇ ಲೆಕ್ಕ ಈಗಷ್ಟೇ ಮುಗಿದಿತ್ತು.) ವಾಷಿಂಗ್ಟನ್ ಬಳಿ, ವರ್ಜೀನಿಯಾ ಕಡೆ ಕಾವಲು ಕಾದರು. ಕಾಳಗ ಕಾಣಲಿಲ್ಲ, ಕೆಲವರು ಕಾಯಿಲೆಗೆ ಸತ್ತರು.

1863ರ ಜೂನ್ ಕೊನೆಗೆ ಅವಧಿ ಮುಗಿಯುವ ಹೊತ್ತಿಗೇ ಎದುರಾಳಿ ದಕ್ಷಿಣ ರಾಜ್ಯಗಳ ಜನರಲ್ ಲೀ ಪಡೆ ಪೆನ್ಸಿಲ್ವೇನಿಯಾಕ್ಕೆ ನುಗ್ಗಿತ್ತು. ರಾಜಧಾನಿ ಕಾಯಲು ಇನ್ನೊಂದಿಷ್ಟು ದಿನ ಇರಿ ಅಂತ ಕೇಳಿಕೊಂಡರು. ಜೊತೆಗಿದ್ದ ಇನ್ನೊಂದು ರೆಜಿಮೆಂಟ್, 25ನೇ ಮೇನ್, ಒಲ್ಲೆ ಅಂದಿತು. 27ನೆಯದರಲ್ಲಿ ಸುಮಾರು 300 ಜನ ನಿಂತರು. ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್‌ನಲ್ಲಿ ಲೀ ಪಡೆಯ ಜೊತೆಗಿನ ಕಾಳಗ ಮುಗಿದ ಮೇಲೆ, ಜುಲೈ 4ಕ್ಕೆ, ಅವರೂ ಊರಿಗೆ ಹೊರಟರು.

ನಿಂತವರಿಗೆ ಮೆಡಲ್ ಆಫ್ ಆನರ್, ಅಂದರೆ ಅಮೆರಿಕದ ಅತಿ ದೊಡ್ಡ ಸೇನಾ ಪದಕ, ಕೊಡುವ ಮಾತಾಗಿತ್ತು. ಆದರೆ ನಿಂತವರ ಸರಿಯಾದ ಪಟ್ಟಿಯೇ ಇಲ್ಲ! ಇಡೀ ರೆಜಿಮೆಂಟಿಗೇ ಮಾಡಿಸಿಬಿಟ್ಟರು, 864 ಪದಕ. ಐದು ಮೂಲೆಯ ನಕ್ಷತ್ರ, ಹಿಂಬದಿಯಲ್ಲಿ ಸೈನಿಕನ ಹೆಸರು. ರೆಜಿಮೆಂಟಿನ ಮುಖ್ಯಸ್ಥ ಕರ್ನಲ್ ವೆಂಟ್‌ವರ್ತ್‌ಗೆ ಅದು ಒಪ್ಪಿಗೆಯಾಗಲಿಲ್ಲ. ನಿಂತವರಿಗಷ್ಟೇ ಹಂಚಿ, ಮಿಕ್ಕಿದ್ದನ್ನು ತನ್ನ ಕೊಟ್ಟಿಗೆಯಲ್ಲಿಟ್ಟ.

1917ರಲ್ಲಿ ಸೇನೆ ಈ ಪದಕ ಪಡೆದವರ ಪಟ್ಟಿ ಶುದ್ಧ ಮಾಡಲು ಕೂತು ಎಲ್ಲ 864 ಹೆಸರನ್ನೂ ಹೊಡೆದುಹಾಕಿತು, ಆ 300 ಜನರದ್ದೂ ಸೇರಿಸಿ. ಕೊಟ್ಟಿಗೆಯ ಲೆಕ್ಕವನ್ನಾದರೂ ಒಮ್ಮೆ ನೋಡಬಾರದಿತ್ತೇ?