ಪರದೆಯ ಮೇಲೆ ಇರದಿದ್ದ ಸರ್ವರ್

ಬೆಳಿಗ್ಗೆ 6:20ಕ್ಕೆ ಫೋನ್ ಬಂತು. "ಮೇಡಂ, ಚೀಟಿ ಬರುತ್ತಿಲ್ಲ. ಜನ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿದ್ದಾರೆ. ಇನ್ನರ್ಧ ಗಂಟೆಗೆ ಲಾರಿ ಬರುತ್ತದೆ" ಎಂದರು ಹಾಲು ಸಂಘವೊಂದರ ಕಾರ್ಯದರ್ಶಿ. ನಾನು ಎದ್ದವಳೇ ಲ್ಯಾಪ್‌ಟಾಪ್ ತೆರೆದು ಮಾನಿಟರಿಂಗ್ ಪರದೆಯನ್ನು ನೋಡಿದೆ. ಎಲ್ಲ ಸರ್ವರುಗಳೂ ಹಸಿರು. ಒಂದೇ ಒಂದು ಅಲರ್ಟ್ ಇರಲಿಲ್ಲ.

ಮೈಸೂರಿನಲ್ಲಿ ನಾವು ನಾಲ್ವರು ಸೇರಿ ಹಾಲು ಸಂಘಗಳ ಲೆಕ್ಕದ ತಂತ್ರಾಂಶವನ್ನು ನಡೆಸುತ್ತೇವೆ. ರೈತರು ಡೈರಿಗೆ ಹಾಲು ಹಾಕಿದಾಗ ಲೀಟರು, ಫ್ಯಾಟ್ ಎರಡೂ ನಮ್ಮ ಸರ್ವರಿಗೆ ಬಂದು, ದರ ಲೆಕ್ಕವಾಗಿ, ಅಲ್ಲಿ ಚೀಟಿ ಮುದ್ರಣವಾಗುತ್ತದೆ. ನನ್ನ ಅಮ್ಮ ಹೀಗೆ ಡೈರಿಗೆ ಹಾಲು ಹಾಕಿಯೇ ನನ್ನನ್ನು ಓದಿಸಿದಳು. ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬರುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ಬಟವಾಡೆ ಆಗುವಾಗ ಅವೆಲ್ಲವನ್ನೂ ಬಿಡಿಸಿ ನನ್ನಿಂದ ಕೂಡಿಸಿ ನೋಡುತ್ತಿದ್ದಳು. ಚೀಟಿ ಬರಲಿಲ್ಲ ಎಂದರೆ ಅದರ ಅರ್ಥ ನನಗೆ ಗೊತ್ತು.

ಡೇಟಾಬೇಸ್ ಸರ್ವರಿನ ಒಳಹೊಕ್ಕು ನೋಡಿದರೆ ಡಿಸ್ಕ್ ಶೇ 100 ತುಂಬಿತ್ತು. 100 ಜಿಬಿಯಲ್ಲಿ 71 ಜಿಬಿಯನ್ನು ನಮ್ಮ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನ ವಾಲ್ ಕಡತಗಳೇ, ಅಂದರೆ ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ದಾಖಲೆಗಳೇ, ನುಂಗಿದ್ದವು. ಒಂದೊಂದೂ 16 ಎಂಬಿ. ಪಟ್ಟಿ ಮಾಡಿದರೆ ಪರದೆ ನಿಲ್ಲದೆ ಓಡುತ್ತಿತ್ತು, ನಾಲ್ಕೂವರೆ ಸಾವಿರ ಕಡತಗಳು. ಕಾರಣವೂ ಬೇಗ ಸಿಕ್ಕಿತು. ವರದಿಗಳಿಗಾಗಿ ಇಟ್ಟುಕೊಂಡಿದ್ದ ರೆಪ್ಲಿಕಾವನ್ನು, ಅಂದರೆ ಡೇಟಾಬೇಸಿನ ನಕಲು ಸರ್ವರನ್ನು, 19 ದಿನಗಳ ಹಿಂದೆ ತೆಗೆದುಹಾಕಿದ್ದೆವು, ಆದರೆ ಅದು ಎಲ್ಲಿಯವರೆಗೆ ಓದಿದೆ ಎಂದು ಗುರುತಿಡುವ ರೆಪ್ಲಿಕೇಶನ್ ಸ್ಲಾಟ್ ಮುಖ್ಯ ಸರ್ವರಿನಲ್ಲಿ ಹಾಗೇ ಉಳಿದಿತ್ತು. ಸ್ಲಾಟ್ ಇರುವ ತನಕ ಪೋಸ್ಟ್‌ಗ್ರೆಸ್ ಆ ಕಡತಗಳನ್ನು ಬಿಸಾಡುವುದಿಲ್ಲ. ಓದಲು ಯಾರೋ ಬಂದಾರು ಎಂದು ಕೂಡಿಡುತ್ತಲೇ ಇರುತ್ತದೆ. ಬರೆಯಲು ಜಾಗವೇ ಇಲ್ಲವಾದಾಗ ನಿಂತುಬಿಡುತ್ತದೆ.

ಇಂಥ ಹೊತ್ತಿನಲ್ಲಿ ಆ ಕಡತಗಳನ್ನು ಕೈಯಿಂದ ಅಳಿಸಲು ಮನಸ್ಸು ತುಡಿಯುತ್ತದೆ. ದಯವಿಟ್ಟು ಅಳಿಸಬೇಡಿ, ಡೇಟಾಬೇಸನ್ನೇ ಕಳೆದುಕೊಳ್ಳುತ್ತೀರಿ. ಮೊದಲು ಡಿಸ್ಕನ್ನು ಹಿಗ್ಗಿಸಿ, ಫೈಲ್ ಸಿಸ್ಟಮನ್ನೂ ಹಿಗ್ಗಿಸಿ, ಡೇಟಾಬೇಸ್ ಎದ್ದ ಮೇಲೆ ಸ್ಲಾಟನ್ನು ತೆಗೆಯಬೇಕು; ಉಳಿದದ್ದನ್ನು ಅದೇ ಗುಡಿಸಿಕೊಳ್ಳುತ್ತದೆ. ಇಷ್ಟೆಲ್ಲ ಮುಗಿಯುವಾಗ 7:45. ಅಷ್ಟರಲ್ಲಿ ಲಾರಿಗಳು ಹೋಗಿಯಾಗಿತ್ತು. ಸಂಘಗಳವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹಾಲು ಕಳಿಸಿದ್ದರು.

ಡಿಸ್ಕ್ ಶೇ 80 ತುಂಬಿದರೆ ಫೋನ್ ಮಾಡುವ ನಿಯಮ ನಮ್ಮಲ್ಲಿ ಮೊದಲಿನಿಂದಲೂ ಇತ್ತು. ಈ ಸರ್ವರ್ ಮಾತ್ರ ಮಾನಿಟರಿಂಗ್ ಪಟ್ಟಿಯಲ್ಲೇ ಇರಲಿಲ್ಲ. ಅದನ್ನು ಕಟ್ಟಿದವಳು ನಾನು. ಹೊಸ ಸರ್ವರಿಗೆ ನಮ್ಮ ಎಕ್ಸೆಲ್ ಹಾಳೆಯಲ್ಲಿ 14 ಹೆಜ್ಜೆಗಳಿದ್ದವು. ಗೌರಿ ಹಬ್ಬದ ಹಿಂದಿನ ದಿನ ಹತ್ತು ಹೆಜ್ಜೆ ಮುಗಿಸಿ ಊರಿನ ಬಸ್ಸು ಹಿಡಿದಿದ್ದೆ. ಹನ್ನೊಂದನೆಯದು: ಮಾನಿಟರಿಂಗಿಗೆ ಸೇರಿಸುವುದು.

ಮಾನಿಟರಿಂಗಿಗೆ ನಾವು ಬಳಸುವುದು ಪ್ರೊಮೀಥಿಯಸ್ ಎಂಬ ತಂತ್ರಾಂಶ. 2012ರಲ್ಲಿ ಸೌಂಡ್‌ಕ್ಲೌಡ್ ಸಂಸ್ಥೆಯೊಳಗೆ ಹುಟ್ಟಿದ್ದು, ಈಗ ಎಲ್ಲರ ಸ್ವತ್ತು. ಅದು ತಾನೇ ಪ್ರತಿ ಸರ್ವರಿನ ಬಾಗಿಲು ತಟ್ಟಿ 9100ನೇ ಪೋರ್ಟಿನಲ್ಲಿರುವ ನೋಡ್ ಎಕ್ಸ್‌ಪೋರ್ಟರ್ ಎಂಬ, ಯಂತ್ರದ ಸ್ಥಿತಿ ಹೇಳುವ ಪುಟ್ಟ ತಂತ್ರಾಂಶದಿಂದ ಅಂಕಿಗಳನ್ನು ತರುತ್ತದೆ. ಉತ್ತರ ಬಂದರೆ 'ಅಪ್' ಎಂಬ ಅಳತೆ 1, ಬಾರದಿದ್ದರೆ 0. ಈ ಏರ್ಪಾಡು ನನಗೆ ಬಹಳ ಇಷ್ಟ, ಏಕೆಂದರೆ ಇದರಲ್ಲಿ ಮೌನವೂ ಒಂದು ಸುದ್ದಿ. ಆದರೆ ಯಾವ ಬಾಗಿಲು ತಟ್ಟಬೇಕೆಂದು ಅದಕ್ಕೆ ಯಾರಾದರೂ ಹೇಳಿರಬೇಕು. ಹೇಳದ ಸರ್ವರಿಗೆ 0 ಕೂಡ ಇಲ್ಲ, ಅದು ಕೆಂಪಾಗುವುದೇ ಇಲ್ಲ.

ಮೊದಲ ವಾರ ನಾನು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಎಕ್ಸ್‌ಪೋರ್ಟರನ್ನು ಸ್ಥಾಪಿಸುವ ಕೆಲಸವನ್ನು ಸರ್ವರುಗಳನ್ನು ತಾನೇ ಸಜ್ಜುಗೊಳಿಸುವ ಆನ್ಸಿಬಲ್ ಎಂಬ ಸಾಧನಕ್ಕೆ ವಹಿಸಿದೆ. ಆಮೇಲೆ ಹೊಳೆಯಿತು, ಆನ್ಸಿಬಲ್ ಓಡುವುದೂ ಒಂದು ಇನ್ವೆಂಟರಿ ಪಟ್ಟಿಯನ್ನು ನೋಡಿಕೊಂಡೇ. ಅದಕ್ಕೆ ಹೆಸರು ಸೇರಿಸುವವರು ಯಾರು? ಮತ್ತೆ ನಾನೇ, ಮತ್ತೆ ಯಾವುದೋ ಹಬ್ಬದ ಹಿಂದಿನ ದಿನ. ನಮ್ಮ ಸರ್ವರುಗಳ ನಿಜವಾದ ಪಟ್ಟಿ ಇರುವುದು ಒಂದೇ ಕಡೆ, ತಿಂಗಳ ಬಿಲ್ಲು ಕಳಿಸುವ ಕ್ಲೌಡಿನ ಬಳಿ. ಅಲ್ಲಿ ಒಂದು ಯಂತ್ರವೂ ತಪ್ಪಿಸಿಕೊಳ್ಳುವುದಿಲ್ಲ.

ಹಾಗಾಗಿ ಎಕ್ಸ್‌ಪೋರ್ಟರನ್ನು ಸರ್ವರಿನ ಇಮೇಜಿನೊಳಗೇ, ಅಂದರೆ ಹೊಸ ಯಂತ್ರಗಳನ್ನು ಎರಕ ಹೊಯ್ಯುವ ಅಚ್ಚಿನೊಳಗೇ, ಸೇರಿಸಿಟ್ಟೆವು. ಯಂತ್ರ ಹುಟ್ಟುವಾಗಲೇ ಅದರ ಬಾಯಿ ತೆರೆದಿರುತ್ತದೆ. ಪ್ರೊಮೀಥಿಯಸ್ಸಿಗೆ ಕ್ಲೌಡಿನ ಎಪಿಐಯನ್ನು (ತಂತ್ರಾಂಶಗಳು ಮಾಹಿತಿ ಕೇಳುವ ಕಿಂಡಿ) ಓದುವ ಅನುಮತಿಯನ್ನಷ್ಟೇ ಕೊಟ್ಟೆವು. ನಿಮಿಷಕ್ಕೊಮ್ಮೆ ಅದೇ ಕೇಳಿ ತಿಳಿದುಕೊಳ್ಳುತ್ತದೆ. ಸರ್ವರುಗಳನ್ನು ಸೃಷ್ಟಿಸಲು ಬಳಸುವ ಟೆರಾಫಾರ್ಮಿನಲ್ಲಿ ಬರೆದ ಟ್ಯಾಗುಗಳು, ಅಂದರೆ ಇದು ಡೇಟಾಬೇಸೋ ವೆಬ್ಬೋ, ಹೊಣೆ ಯಾರದು ಎಂಬ ವಿವರಗಳು, ಅಳತೆಗಳ ಮೇಲೆ ಲೇಬಲ್ಲುಗಳಾಗಿ ಕೂರುತ್ತವೆ. ಡೇಟಾಬೇಸ್ ಎಂಬ ಟ್ಯಾಗ್ ಇದ್ದರೆ ಡೇಟಾಬೇಸಿನ ಎಕ್ಸ್‌ಪೋರ್ಟರನ್ನೂ ವಿಚಾರಿಸುತ್ತದೆ. ಯಾರೂ ಓದದ ಸ್ಲಾಟ್ ಹತ್ತು ನಿಮಿಷ ಉಳಿದರೆ ಈಗ ನನಗೆ ಫೋನ್ ಬರುತ್ತದೆ.

ಇಲ್ಲೊಂದು ತೀರ್ಮಾನಕ್ಕಾಗಿ ಗೆಳೆಯರೊಡನೆ ಎರಡು ದಿನ ವಾದ ಮಾಡಿದೆ. 'ಮಾನಿಟರ್: ಹೌದು' ಎಂಬ ಟ್ಯಾಗ್ ಇರುವ ಯಂತ್ರಗಳನ್ನು ಮಾತ್ರ ಗಮನಿಸೋಣ, ಪರೀಕ್ಷೆಯ ಯಂತ್ರಗಳ ಗದ್ದಲ ಬೇಡ ಎಂಬುದು ಅವರ ಮಾತು. ನಾನು ಒಪ್ಪಲಿಲ್ಲ. ಆ ಟ್ಯಾಗ್ ಹಾಕಲು ಮರೆತರೆ ಹನ್ನೊಂದನೇ ಹೆಜ್ಜೆಯನ್ನು ಮರೆತಂತೆಯೇ ಅಲ್ಲವೇ? ಕೊನೆಗೆ ತಿರುವುಮುರುವು ಮಾಡಿದೆವು. ಎಲ್ಲ ಯಂತ್ರಗಳೂ ತಾವಾಗಿಯೇ ಸೇರುತ್ತವೆ. ಬೇಡವೆನ್ನುವವರು ಬೇಡ ಎಂದು ಟ್ಯಾಗ್ ಹಾಕಿ ಕಾರಣವನ್ನೂ ಬರೆಯಬೇಕು. ಈಗ ಮರೆತರೆ ಹೆಚ್ಚೆಂದರೆ ಒಂದು ಅನಗತ್ಯ ಅಲರ್ಟ್ ಬರುತ್ತದೆ.

ಇನ್ನೊಂದು ತೊಡಕು ತಡವಾಗಿ ಕಂಡಿತು. ನಾವು ಚಾಲನೆಯಲ್ಲಿರುವ ಯಂತ್ರಗಳನ್ನು ಮಾತ್ರ ಕೇಳುತ್ತಿದ್ದೆವು. ಹಾಗಾದರೆ ಯಾರಾದರೂ ಕೈತಪ್ಪಿ ಒಂದನ್ನು ನಿಲ್ಲಿಸಿದರೆ ಅದು 0 ಆಗುವುದಿಲ್ಲ, ಪಟ್ಟಿಯಿಂದಲೇ ಮಾಯವಾಗುತ್ತದೆ. ಹಳೆಯ ಹಸಿರು ಪರದೆಯ ಕಥೆಯೇ ಬೇರೆ ದಾರಿಯಿಂದ ಮರಳಿ ಬಂದಂತಾಯಿತು. ಅದಕ್ಕೆಂದೇ ಒಂದು ನಿಯಮ ಬರೆದೆ: ಒಂದು ಗಂಟೆಯ ಹಿಂದೆ ಇದ್ದು ಈಗ ಇಲ್ಲದವು ಯಾವುವು? ಡೇಟಾಬೇಸ್ ಆಗಿದ್ದರೆ ಕೂಡಲೇ ಕರೆ, ಮಿಕ್ಕವಕ್ಕೆ ತಂಡದ ಗುಂಪಿಗೊಂದು ಸಂದೇಶ.

ಡಿಸ್ಕಿನ ನಿಯಮವನ್ನೂ ಬದಲಿಸಿದೆ. ಶೇಕಡಾವಾರು ಮಿತಿಯ ಜೊತೆಗೆ, ಕಳೆದ ಆರು ಗಂಟೆಗಳಲ್ಲಿ ತುಂಬಿದ ವೇಗವನ್ನು ನೋಡಿ ನಾಳೆ ಇಷ್ಟು ಹೊತ್ತಿಗೆ ಜಾಗ ಉಳಿಯುತ್ತದೆಯೇ ಎಂದು ಲೆಕ್ಕ ಹಾಕಿಸುತ್ತೇನೆ. ಪ್ರೊಮೀಥಿಯಸ್ಸಿನಲ್ಲಿ ಇದಕ್ಕೆ ಸಿದ್ಧ ಫಂಕ್ಷನ್ ಇದೆ. ಸ್ಲಾಟ್ ಕೂಡಿಡುವುದಕ್ಕೂ 20 ಜಿಬಿಯ ಮಿತಿ ಹಾಕಿದ್ದೇವೆ. ಪೋಸ್ಟ್‌ಗ್ರೆಸ್ 13ರಿಂದ ಆ ಸೌಲಭ್ಯ ಬಂದಿದೆ.

ಎಕ್ಸೆಲ್ ಹಾಳೆಯಲ್ಲಿ ಈಗ ಉಳಿದಿರುವುದು ನಾಲ್ಕು ಹೆಜ್ಜೆ. ಕೊನೆಯದನ್ನು ಬೇಕೆಂದೇ ಕೈಗೆಲಸವಾಗಿ ಉಳಿಸಿದ್ದೇನೆ: ಹೊಸ ಸರ್ವರಿನ ಡಿಸ್ಕನ್ನು ಶೇ 85 ತುಂಬಿಸುವಷ್ಟು ದೊಡ್ಡ ಹುಸಿ ಕಡತವೊಂದನ್ನು ಸೃಷ್ಟಿಸಿ ಕಾಯಬೇಕು. ಫೋನ್ ಬಾರದೆ ಆ ಸರ್ವರಿಗೆ ಒಂದು ಸಂಘವನ್ನೂ ಸೇರಿಸುವಂತಿಲ್ಲ. ಕಳೆದ ವಾರ ನಮ್ಮ ಹೊಸ ಹುಡುಗ ಮೊದಲ ಬಾರಿ ಇದನ್ನು ಮಾಡಿದ. ಸರ್ವರ್ ಎದ್ದು ಎರಡು ನಿಮಿಷಕ್ಕೆ ಪರದೆಯಲ್ಲಿ ಅದರ ಹೆಸರು ಬಂತು. ಕಡತ ಸೃಷ್ಟಿಸಿ, ಫೋನನ್ನು ಮೇಜಿನ ಮೇಲಿಟ್ಟುಕೊಂಡು, ಕಣ್ಣು ಕೀಳದೆ ನೋಡುತ್ತ ಕುಳಿತ. ಹನ್ನೊಂದನೇ ನಿಮಿಷಕ್ಕೆ ಅದು ಮೇಜನ್ನು ನಡುಗಿಸಿತು. "ಅಕ್ಕಾ, ಬಂತು" ಎಂದ. ಕಡತ ಅಳಿಸಲು ಹೇಳಿದೆ.